ಹಲಗಿ ಒಗದವರ ಮನಿ

ಆ ಮುಂಜಾನೆ ನಮ್ಮ ಮನೆಯ ಕಟ್ಟೆಯ ಹತ್ತಿರ ಇದ್ದವರು ನಾಲ್ಕು ಮಂದಿ. ಕಟ್ಟೆಯ ಮೇಲೆ ನಾನು. ಕೆಳಗಿನ ಮೆಟ್ಟಿಲ ಮೇಲೆ ಯಮನಪ್ಪ ಕಾಕಾ — ಮೇಲೆ ಬರ್ರಿ ಅಂತ ಎಷ್ಟು ಕರೆದರೂ ಬರಲಿಲ್ಲ, ಊರುಗೋಲನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡು ಅಲ್ಲೇ ಕುಳಿತರು. ಅವರ ಬೆನ್ನ ಹಿಂದೆ ಮಗಳು ಗಂಗವ್ವ, ನಿಂತೇ ಇದ್ದಳು. ಬಾಗಿಲ ಚೌಕಟ್ಟಿಗೆ ಒರಗಿ ನನ್ನ ಹೆಂಡತಿ ಶಾಂತಾ.

ಯಮನಪ್ಪ ಕಾಕಾ ಕೇಳಿದರು: "ಗೌಡ್ರ, ನಿಮ್ಮ ಅಜ್ಜಾರು ಸಾಯೂ ಮುಂದ ನಮ್ಮಪ್ಪನ ವಿಷಯ ಏನರ ಹೇಳಿದ್ರೇನ್ರಿ?"

ನಾನು ಹೇಳಿದೆ: "ಇಲ್ಲ ಕಾಕಾ. ನನ್ನ ಮುಂದ ಏನೂ ಹೇಳಿಲ್ಲ."

ಅದು ಸುಳ್ಳು. ಬಾಯಿ ತಪ್ಪಿ ಬಂದದ್ದಲ್ಲ, ಮರೆವಿನಿಂದ ಬಂದದ್ದೂ ಅಲ್ಲ — ಎದುರಿಗಿದ್ದ ಮುದುಕನ ಕಣ್ಣು ನೋಡಿಕೊಂಡೇ ಹೇಳಿದ ಸುಳ್ಳು. ಶಾಂತಾಗೆ ಅದು ಗೊತ್ತಿತ್ತು. ಅವಳು ಒಳಗೆ ಹೋದಳು. ಚಹಾ ತರಲು ಹೋಗಿರಬೇಕು ಅಂದುಕೊಂಡೆ. ಚಹಾ ಬರಲಿಲ್ಲ.

ಈಗ ಯಾಕೆ ಹೇಳುತ್ತೀ ಅಂತ ನೀವು ಕೇಳಬಹುದು. ಕೇಳಬೇಕು ಕೂಡ. ಮೊದಲು ನಾನು ಎಂಥವನು ಅನ್ನುವುದು ನಿಮಗೆ ಗೊತ್ತಾಗಲಿ.

ನಮ್ಮೂರು ಹಳಿಯಾಳ ತಾಲೂಕಿನ ಒಂದು ಹಳ್ಳಿ, ದಾಂಡೇಲಿ ಅಡವಿಗೆ ಬೆನ್ನು ಹಚ್ಚಿಕೊಂಡು ಕುಳಿತದ್ದು. ಹೆಸರು ಬೇಡ. ಇಂಗ್ಲಿಷರ ಕಾಲದಿಂದ ನಮ್ಮದು ಗೌಡಕಿಯ ಮನೆ. ಗೌಡಕಿ ಹೋಗಿ ಎಷ್ಟೋ ವರ್ಷವಾದರೂ ಜನ ನನ್ನನ್ನು ಗೌಡ್ರ ಅನ್ನುವುದು ಬಿಟ್ಟಿಲ್ಲ, ನಾನೂ ಬೇಡ ಅಂದಿಲ್ಲ. ದಾಂಡೇಲಿಯ ಮಿಲ್ಲಿನಲ್ಲಿ ಕೆಲಸ ಮಾಡಿ ನಿವೃತ್ತನಾದೆ. ಆದರೆ ನನ್ನನ್ನು ನಾಲ್ಕು ಮಂದಿ ಗುರುತಿಸುವುದು ಆ ಕೆಲಸದಿಂದ ಅಲ್ಲ, ಕಥೆಯಿಂದ. ಮಾತು ನಾನು ಶಾಲೆಯಲ್ಲಿ ಕಲಿಯಲಿಲ್ಲ. ಅಜ್ಜಿ ಜೋಳ ಹಸನು ಮಾಡುತ್ತಾ, ಅಜ್ಜ ಹಗ್ಗ ಹೊಸೆಯುತ್ತಾ ಆಡಿದ ಮಾತೇ ನನ್ನ ಬಂಡವಾಳ. ಮದುವೆ, ಸೀಮಂತ, ಸ್ವಾತಂತ್ರ್ಯದ ದಿನ ಶಾಲೆಯ ಅಂಗಳ — ಎಲ್ಲಿ ಜನ ಕೂಡಿದರೂ "ಗೌಡ್ರ, ಒಂದು ಹೇಳ್ರಲ್ಲ" ಅನ್ನೋರು. ನಿವೃತ್ತಿಯ ಮೇಲೆ ಗಣೇಶಗುಡಿಯ ಒಂದು ಹೋಂಸ್ಟೇಯವರು ಕರೆಯತೊಡಗಿದರು. ಹೊಳೆಯಲ್ಲಿ ದೋಣಿ ಆಟ ಮುಗಿಸಿ ಒದ್ದೆ ಬಟ್ಟೆ ಹಿಂಡಿಕೊಂಡು ಬರುವ ಪ್ರವಾಸಿಗಳು ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂಡುತ್ತಾರೆ. ಅವರಿಗೆ ನಾನು ಇಂಗ್ಲಿಷರ ಕಾಲದ ಕಥೆ ಹೇಳಬೇಕು.

ಮೊದಲು ಕೋಳಿಯ ಕಥೆ ಹೇಳುತ್ತಿದ್ದೆ. ಸಾಹೇಬನ ಡೇರೆ ಬೀಳುತ್ತದೆ ಅಂತ ಸುದ್ದಿ ಬಂದರೆ ಸಾಕು, ಊರಿಗೆ ಊರೇ ಬಿಟ್ಟಿ ಚಾಕರಿಗೆ ನಿಲ್ಲಬೇಕು. ಹಾಲು, ಕಟ್ಟಿಗೆ, ಕುದುರೆಗೆ ಹುಲ್ಲು, ಸಾಮಾನು ಹೊರಲು ಆಳು — ಯಾವುದಕ್ಕೂ ಕೂಲಿ ಇಲ್ಲ. ನೇಗಿಲಿಗೆ ಅಂತ ಒಂದು ಸಾಗವಾನಿ ಟೊಂಗೆ ಕಡಿದರೆ ಗಾರ್ಡ್ ಹಿಡಿದುಕೊಂಡು ಹೋಗುತ್ತಿದ್ದ. ಸಾಹೇಬನಿಗೆ ಮಾತ್ರ ಇಡೀ ಅಡವಿ ಮನೆಯ ಹಿತ್ತಲು. ಕೋಳಿ ಕೇಳಿಕೊಂಡು ಸಾಹೇಬನ ಜವಾನ ಪಟ್ಟೇವಾಲಾ ಬರುವುದರೊಳಗೆ ನಮ್ಮ ಅಜ್ಜಿ ಇದ್ದ ಕೋಳಿಗಳನ್ನೆಲ್ಲ ಕಣಜಕ್ಕೆ ತುಂಬುತ್ತಿದ್ದಳಂತೆ. ಒಮ್ಮೆ "ರೋಗ ಬಂದು ಎಲ್ಲಾ ಸತ್ತು ಹೋದೂರಿ" ಅನ್ನುವುದಕ್ಕೂ ಕಣಜದೊಳಗಿಂದ ಹುಂಜ ಕೂಗುವುದಕ್ಕೂ ಸರಿಹೋಯಿತು. ಪಟ್ಟೇವಾಲಾ ಹುಬ್ಬು ಏರಿಸಿದ. ಅಜ್ಜಿ ಸೆರಗು ಬಾಯಿಗೆ ಹಚ್ಚಿ, "ಅದ ನೋಡ್ರಿ, ಸತ್ತರೂ ಚಟಾ ಹೋಗಿಲ್ಲ, ದೆವ್ವಾಗಿ ಕೂಗತೈತಿ" ಅಂದಳಂತೆ.

ಜನ ನಗುತ್ತಿದ್ದರು. ನಕ್ಕ ಜನರನ್ನು ಇನ್ನೂ ನಗಿಸಬೇಕು ಅನ್ನಿಸುತ್ತದೆ, ಅದು ನನ್ನಂಥವರ ದೌರ್ಬಲ್ಯ. ಆಗ ಎರಡನೆಯ ಕಥೆ ತೆಗೆಯುತ್ತಿದ್ದೆ. ನನ್ನ ಎಲ್ಲಾ ಕಥೆಗಳಲ್ಲಿ ಭಾರಿ ಕಥೆ ಅದು. ಹಲಗಿ ಒಗೆದ, ಅಂದರೆ ತಮಟೆ ಬಿಸಾಡಿದ, ದುರ್ಗಪ್ಪನ ಕಥೆ.

ಸಾಹೇಬ ಹುಲಿ ಬೇಟೆಗೆ ಬಂದರೆ ಸೋವು ನಡೆಸಬೇಕಿತ್ತು. ಸೋವು ಅಂದರೆ — ಸಾಹೇಬ ಅಡವಿಯ ಆಚೆ ಕಡೆ ಅಟ್ಟಣಿಗೆ ಏರಿ ಬಂದೂಕು ಹಿಡಿದು ಕೂಡುವುದು. ಊರ ಗಂಡಸರು ಈಚೆ ಕಡೆಯಿಂದ ಸಾಲು ಹಿಡಿದು ಕೂಗುತ್ತ, ಗಿಡ ಬಡಿಯುತ್ತ, ಹುಲಿಯನ್ನು ಅವನ ಬಂದೂಕಿನ ಬಾಯಿಗೆ ಓಡಿಸುವುದು. ಸಾಲಿನ ನಡುವೆ ಒಬ್ಬ ಹಲಗಿಯವನು. ಗಿಡಗಂಟಿಯಲ್ಲಿ ಒಬ್ಬರಿಗೊಬ್ಬರು ಕಾಣುವುದಿಲ್ಲವಲ್ಲ, ಹಲಗಿಯ ಸಪ್ಪಳದ ಮೇಲೇ ಸಾಲು ನಡೆಯಬೇಕು. ಹಲಗಿ ನುಡಿಯುತ್ತಿದೆ ಅಂದರೆ ಮುಂದೆ ಜನ ಇದ್ದಾರೆ, ಗುಂಡು ಹಾರಿಸುವಂತಿಲ್ಲ. ಹಲಗಿ ನಿಂತಿತು ಅಂದರೆ ಎಲ್ಲರೂ ಮರದ ಮರೆಗೆ ಸೇರಿದ್ದಾರೆ, ಸಾಹೇಬ ಇನ್ನು ಹೊಡೆಯಬಹುದು. ಅಟ್ಟಣಿಗೆಯ ಮೇಲಿದ್ದವನಿಗೂ ಅಡವಿಯೊಳಗಿದ್ದವರಿಗೂ ನಡುವೆ ಇದ್ದದ್ದು ಅದೊಂದೇ ಒಪ್ಪಂದ.

ಊರಿನಲ್ಲಿ ಹಬ್ಬಿದ ಕಥೆ ಏನೆಂದರೆ, ಹುಲಿ ಒಮ್ಮೆ ಗುರ್ ಅಂದದ್ದಕ್ಕೆ ಹಲಗಿಯ ದುರ್ಗಪ್ಪ ಅಂಜಿ, ಹಲಗಿ ಒಗೆದು ಓಡಿದ. ಸಪ್ಪಳ ನಿಂತಿತಲ್ಲ, ಸಾಹೇಬ ಹೊಡೆದ. ಗುಂಡು ಜೋಯ್ಡಾ ಕಡೆಯಿಂದ ಬಿಟ್ಟಿಗೆ ಬಂದಿದ್ದ ಪುತ್ತು ಎಂಬ ಕುಣಬಿ ತರುಣನಿಗೆ ಬಡಿಯಿತು. ಅವನು ಅಲ್ಲೇ ಸತ್ತ. ತಾಲೂಕಿನ ಅಧಿಕಾರಿ ಮಾಮಲೇದಾರ ಬಂದು ಆಲದ ಮರದ ಕೆಳಗೆ ವಿಚಾರಣೆ ಮಾಡಿದ. ತಪ್ಪು ದುರ್ಗಪ್ಪನದು ಅಂತಾಯಿತು. ಅವತ್ತಿನಿಂದ ಆ ಮನೆಗೆ 'ಹಲಗಿ ಒಗದವರ ಮನಿ' ಅನ್ನುವ ಹೆಸರು ಬಿತ್ತು. ಹೋಳಿ ಹುಣ್ಣಿಮೆಗೆ ಊರೆಲ್ಲ ತಿರುಗುವ ಹಲಗಿ ಮೇಳದ ಮುಂದಿನ ಹಲಗಿ ತಲೆಮಾರುಗಳಿಂದ ಅವರದೇ ಇತ್ತು. ಅದನ್ನು ಕಿತ್ತು ಬೇರೆಯವರಿಗೆ ಕೊಟ್ಟರು.

ನಾನು ಹೇಳುವಾಗ ಪುತ್ತುವನ್ನು ಬಿಟ್ಟುಬಿಡುತ್ತಿದ್ದೆ. ಸಾವು ಬಂದರೆ ನಗು ನಿಲ್ಲುತ್ತದೆ ನೋಡ್ರಿ. ದುರ್ಗಪ್ಪನನ್ನು ಓಡಿಸುತ್ತಿದ್ದೆ. ಅವನ ಧೋತರ ಕಂಟಿಗೆ ಸಿಕ್ಕಿ ಬಿಚ್ಚಿಹೋಯಿತು ಅನ್ನುವುದು ನಾನು ಸೇರಿಸಿದ್ದು. "ಹುಲಿರಾಯಾ, ನಾ ಬರೇ ಹಲಗಿ ಬಡಿಯಾಂವೋ, ನಿನ್ನ ಜಗಳಾ ಅಟ್ಟಣಗಿ ಮ್ಯಾಲಿನಾಂವನ ಕೂಡ ಐತಿ" ಅಂತ ಅವನು ಕೂಗಿದ ಅನ್ನುವುದೂ ನನ್ನದೇ. ಓಡುವುದನ್ನು ಎದ್ದು ನಿಂತು ಮಾಡಿ ತೋರಿಸುತ್ತಿದ್ದೆ. ಪ್ರವಾಸಿಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಆ ಹೋಂಸ್ಟೇಯ ಅಡುಗೆಮನೆಗೆ ಗಂಗವ್ವ ಕೆಲಸಕ್ಕೆ ಸೇರಿದ್ದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೇಳುತ್ತಿರಲಿಲ್ಲವೇನೋ — ಅಥವಾ ಹೇಳುತ್ತಿದ್ದೆನೋ. ಈಗ ನನ್ನ ಬಗ್ಗೆ ನನಗೇ ಖಾತ್ರಿ ಇಲ್ಲ. ಅವತ್ತು ಕಥೆ ಮುಗಿಸಿ, ನೀರು ಕೇಳಲು ಅಡುಗೆಮನೆಯ ಬಾಗಿಲಿಗೆ ಹೋದೆ. ಅವಳು ರೊಟ್ಟಿ ತಟ್ಟುತ್ತಿದ್ದಳು. ದುರ್ಗಪ್ಪನ ಮೊಮ್ಮಗಳು. ಕೈ ನಿಲ್ಲಿಸದೆ ಅಂದಳು:

"ಮಂದಿ ಭಾಳ ನಕ್ಕರಲ್ರೀ ಗೌಡ್ರ."

"ಏ ಗಂಗವ್ವಾ, ನೀ ಯಾವಾಗ ಬಂದಿ ಇಲ್ಲೆ? ಅದು... ಸುಮ್ನ ಮಂದಿ ನಗಲಿ ಅಂತ..."

"ಹೌದ್ರಿ. ನಮ್ಮ ಮುತ್ಯಾ ಓಡೂದು ನೀವು ಬೇಷ್ ಮಾಡಿ ತೋರಸ್ತೀರಿ. ನಾ ಅವನ್ನ ನೋಡಿಲ್ಲ. ಇವತ್ತ ನೋಡಿದಂಗಾತು."

ನೀರಿನ ಚೆಂಬು ಕೊಟ್ಟಳು. ಕುಡಿದೆ. ಅವಳು ರೊಟ್ಟಿ ತಿರುವಿ ಹಾಕಿದಳು. ಅದಾದ ಮುಂದಿನ ವಾರವೇ ತಂದೆಯನ್ನು ಕರೆದುಕೊಂಡು ನಮ್ಮ ಕಟ್ಟೆಗೆ ಬಂದದ್ದು.

ಇನ್ನು ಅಜ್ಜ ನನಗೆ ಹೇಳಿದ್ದು. ಇದನ್ನೂ ಬರೆಯುತ್ತೇನೆ.

ಹೋಳಿಯ ಹಲಗಿ ನಮ್ಮ ಮನೆಯ ಮುಂದೆ ಬಂದಾಗ ಒಂದು ಪದ್ಧತಿ ಇದೆ. ಬೇರೆ ಮನೆಗಳ ಮುಂದೆ ಮೇಳ ನುಡಿಯುತ್ತಲೇ ಸಾಗುತ್ತದೆ. ಗೌಡರ ಮನೆಯ ಮುಂದೆ ಮಾತ್ರ, ಹಿರಿಯ ಗಂಡಸು ಕೈ ಎತ್ತಿದ ಕೂಡಲೇ ನಿಲ್ಲಬೇಕು. ಅವನು ಕಾಯಿ ಒಡೆದು ಕೊಟ್ಟ ಮೇಲೆ ಮತ್ತೆ ಮುಂದೆ. ಆ ಕೈ ಎತ್ತುವುದನ್ನು ಅಜ್ಜ ನಾನು ಕಂಡಂತೆ ಒಮ್ಮೆಯೂ ಮಾಡಲಿಲ್ಲ. ಓಣಿಯ ತುದಿಯಲ್ಲಿ ಸಪ್ಪಳ ಕೇಳಿಸಿದ ಕೂಡಲೇ ಎದ್ದು ಹಿತ್ತಲ ದನದ ಕೊಟ್ಟಿಗೆಗೆ ಹೋಗಿ ಕೂಡುತ್ತಿದ್ದ. ಅಪ್ಪ ಕೈ ಎತ್ತುತ್ತಿದ್ದ. ಮುದುಕನಿಗೆ ಗದ್ದಲ ಆಗಿಬರುವುದಿಲ್ಲ ಅಂತ ನಾವೆಲ್ಲ ತಿಳಿದಿದ್ದೆವು.

ನಾನು ಮಿಲ್ಲಿಗೆ ಸೇರಿದ ಹೊಸತು. ಹಬ್ಬಕ್ಕೆ ಊರಿಗೆ ಬಂದಿದ್ದೆ. ಅಜ್ಜನದು ಅದೇ ಕೊನೆಯ ಹೋಳಿ. ಮಧ್ಯಾಹ್ನ ಕೊಟ್ಟಿಗೆಗೆ ಮಜ್ಜಿಗೆ ಒಯ್ದು ಕೊಟ್ಟೆ. ಹೊರಗೆ ಓಣಿಯಲ್ಲಿ ಹಲಗಿ ನುಡಿಯುತ್ತಿತ್ತು. ನಮ್ಮ ಮನೆಯ ಮುಂದೆ ಬಂದು ನಿಂತಿತು. ನಿಂತ ಗಳಿಗೆಗೆ ಅಜ್ಜ ಬೆಚ್ಚಿಬಿದ್ದ. ಮಜ್ಜಿಗೆ ಎದೆಯ ಮೇಲೆ ಚೆಲ್ಲಿತು.

"ಅಂವ ತಾನಾಗಿ ನಿಲ್ಲಸಲಿಲ್ಲೋ," ಅಂದ.

"ಯಾರಜ್ಜಾ?"

"ದುರ್ಗ್ಯಾ. ರುಮಾಲು ಎತ್ತಿದಾಂವ ನಾನು."

ಊರ ಗೌಡನಾಗಿ ಸೋವಿನ ಸಾಲು ನಡೆಸುವುದು ಅಜ್ಜನ ಪಾಲಿಗಿತ್ತು. ಹಲಗಿಯವನಿಗೆ ಕಾಣುವಷ್ಟು ಹತ್ತಿರ ನಡೆಯುತ್ತಿದ್ದ ಅವನು ತಲೆಯ ರುಮಾಲು ಬಿಚ್ಚಿ ಮೇಲೆತ್ತಿದರೆ ಹಲಗಿ ನಿಲ್ಲಿಸಬೇಕು, ಅದು ಗುರುತು. ಅವತ್ತು ಹುಲಿ ಹಳ್ಳದ ಗುಂಟ ತಿರುಗಿ ಜಾರಿಕೊಳ್ಳುವ ಹಾಗೆ ಕಂಡಿತು. ಹುಲಿ ತಪ್ಪಿದರೆ ಸಾಹೇಬ ಸಿಟ್ಟಾಗುತ್ತಾನೆ. ಹಿಂದಿನ ಸಲ ಹೀಗೇ ತಪ್ಪಿದ್ದಕ್ಕೆ ಊರ ಮಂದಿಯ ಮುಂದೆ ಅಜ್ಜನಿಗೆ ಬೂಟಿನಿಂದ ಒದ್ದಿದ್ದನಂತೆ. ಅಜ್ಜ ರುಮಾಲು ಎತ್ತಿದ. ದುರ್ಗಪ್ಪ ನಿಲ್ಲಿಸಲಿಲ್ಲ. "ಗೌಡ್ರ, ಹುಡುಗ ಇನ್ನಾ ಹಳ್ಳದಾಗ ಅದಾನ" ಅಂತ ಕೂಗಿದ. ಅಜ್ಜನಿಗೆ ಕೇಳಿಸಿತು. ಕೇಳಿಸಿತು ಅಂತ ಅಜ್ಜನೇ ನನಗೆ ಹೇಳಿದ. ಆದರೂ ಎರಡನೆಯ ಸಲ ರುಮಾಲು ಎತ್ತಿ ಬೀಸಿದ. ಗೌಡನ ಮಾತನ್ನು ಎರಡು ಸಲ ಮೀರುವುದು ದುರ್ಗಪ್ಪನಂಥವನಿಗೆ ಆ ಕಾಲದಲ್ಲಿ... ಈ ಕಾಲದಲ್ಲೂ ಎಷ್ಟು ಸಾಧ್ಯ? ಹಲಗಿ ನಿಂತಿತು. ಗುಂಡು ಹಾರಿತು.

"ಒಗದದ್ದು ಖರೇ," ಅಜ್ಜ ಅಂದ. "ಗುಂಡಿನ ಸಪ್ಪಳ ಕೇಳಿದ ಮ್ಯಾಲ ಒಗದ. ಓಡಿದ್ದೂ ಖರೇ. ಹುಡುಗನ ಕಡೆ ಓಡಿದ. ಹುಲಿ ಇನ್ನಾ ಅಲ್ಲೇ ಇತ್ತು, ಅಂವ ಹಳ್ಳಕ್ಕ ಜಿಗದು ಹುಡುಗನ ತಲಿ ತೊಡಿಮ್ಯಾಲ ಹಾಕ್ಕೊಂಡು ಕುಂತ. ನಾನು ಮರ ಬಿಟ್ಟು ಬರಲಿಲ್ಲ."

ಮಾಮಲೇದಾರ "ಹಲಗಿ ಯಾಕ ನಿಂತಿತು?" ಅಂತ ಕೇಳಿದಾಗ ಅಜ್ಜ, "ಅಂವ ಅಂಜಿ, ಒಗದು ಓಡಿದರೀ" ಅಂದ. ಒಗೆದದ್ದು ನಿಜ, ಓಡಿದ್ದು ನಿಜ. ಯಾವಾಗ, ಯಾವ ಕಡೆಗೆ ಅನ್ನುವುದನ್ನು ಮಾತ್ರ ಬದಲಿಸಿದ. ಸಾಹೇಬನ ಗುಂಡಿಗೆ ಸಾಹೇಬ ಹೊಣೆ ಅಲ್ಲ ಅಂತಾಗಲು ಸರಕಾರಕ್ಕೂ ಅದೇ ಬೇಕಿತ್ತು. ದುರ್ಗಪ್ಪ ಅಲ್ಲೇ ನಿಂತಿದ್ದನಂತೆ. ಅಜ್ಜನ ತಲೆಯ ಮೇಲಿನ ರುಮಾಲನ್ನೇ ನೋಡುತ್ತಿದ್ದನಂತೆ.

ಇದಿಷ್ಟನ್ನು ಅಜ್ಜ ಹೇಳಿದ. ಯಾರಿಗಾದರೂ ಹೇಳು ಅಂತ ಹೇಳಲಿಲ್ಲ, ಹೇಳಬೇಡ ಅಂತಲೂ ಹೇಳಲಿಲ್ಲ. ಆಗ ನಾನು ಏನು ಕೇಳಿದೆ ಗೊತ್ತೇನು? "ಹುಲಿ ಎಷ್ಟು ದೊಡ್ಡದಿತ್ತಜ್ಜಾ?" ಅಂತ ಕೇಳಿದೆ. ಮುದುಕ ನನ್ನ ಮುಖ ನೋಡಿ ಗೋಡೆ ಕಡೆ ತಿರುಗಿ ಕುಳಿತ. ಆಮೇಲೆ ಆ ಮಾತು ಎತ್ತಲಿಲ್ಲ. ಮಳೆಗಾಲದ ಮುಂಚೆಯೇ ಹೋದ.

ನಾನು ಶಾಂತಾಗೆ ಹೇಳಿದೆ, ಮದುವೆಯಾದ ಹೊಸತರಲ್ಲಿ. ಮತ್ತೆ ಯಾರಿಗೂ ಹೇಳಲಿಲ್ಲ. ಹೇಳದೆ ಸುಮ್ಮನಿದ್ದಿದ್ದರೆ ಅದು ಅಜ್ಜನ ಪಾಪ ಅಂತಲಾದರೂ ಅನ್ನಬಹುದಿತ್ತು. ನಾನು ಸುಮ್ಮನೆ ಕೂಡಲಿಲ್ಲ. ಸುಳ್ಳು ಅಂತ ಗೊತ್ತಿದ್ದದ್ದನ್ನೇ ಹುರಿದು, ಒಗ್ಗರಣೆ ಕೊಟ್ಟು, ಊರೂರಿಗೆ ಉಣಬಡಿಸಿದೆ. ಮರೆಯಾಗಬಹುದಾಗಿದ್ದ ಒಂದು ಅಡ್ಡಹೆಸರು ಮುಂಡಗೋಡದ ತನಕ ಹೋದದ್ದು ನನ್ನ ಬಾಯಿಂದ. ಗಂಗವ್ವನನ್ನು ಮುಂಡಗೋಡದ ಕಡೆಯ ಸನವಳ್ಳಿಗೆ ಕೊಡಲು ಮಾತಾಗಿದ್ದಾಗ, ಅಲ್ಲಿಯ ಬೀಗರು "ಹಲಗಿ ಒಗದವರೇನು ನೀವು? ಹುಡುಗಿ ಬ್ಯಾರೆ ಓಡಿಹೋದಾಳು" ಅಂತ ಚೇಷ್ಟೆ ಮಾಡಿದ್ದರಂತೆ. ಇದನ್ನೂ ನಾನು ಕೇಳಿದ್ದೆ. ಕೇಳಿ ನಕ್ಕಿದ್ದೆ.

ಯಮನಪ್ಪ ಕಾಕಾ ಅವತ್ತು ಕಟ್ಟೆಗೆ ಬಂದು ಬೇಡಿದ್ದು ದೊಡ್ಡದೇನಲ್ಲ. ತಾನು ಇರುವಾಗ ಒಂದು ಹೋಳಿಗಾದರೂ ಮುಂದಿನ ಹಲಗಿ ಗಂಗವ್ವನ ಮಗ ಹಿಡಿಯಬೇಕು. ಪಂಚರನ್ನು ಕೇಳಿದರೆ, "ಗೌಡರ ಮನಿಯಿಂದ ಹುಟ್ಟಿದ ಮಾತು, ಗೌಡರ ಮನಿಯವರೇ ಹಿಂದಕ್ಕ ತಗೋಬೇಕು" ಅಂದಿದ್ದರು. ದುರ್ಗಪ್ಪ ಸಾಯುವ ಮುಂಚೆ ಮಗನಿಗೆ ಇಷ್ಟೇ ಹೇಳಿದ್ದನಂತೆ: ಗೌಡಗ ಗೊತ್ತೈತಿ. ಅದನ್ನೇ ಹಿಡಿದುಕೊಂಡು ಮುದುಕ ಕೋಲೂರುತ್ತ ಬಂದಿದ್ದರು. ನನ್ನ ಒಂದು "ಹೌದು" ಸಾಕಾಗಿತ್ತು.

ನಾನು ಕೊಟ್ಟ ಉತ್ತರ ನಿಮಗೆ ಗೊತ್ತು. ಯಾಕೆ ಹಾಗೆ ಹೇಳಿದೆ ಅಂತ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅಜ್ಜನ ಹೆಸರು ಕೆಡುತ್ತದೆ ಅಂತಲೇ? ಅದೂ ಇರಬಹುದು. ಆದರೆ ಆ ಗಳಿಗೆಯಲ್ಲಿ ತಲೆಯಲ್ಲಿ ಸುಳಿದದ್ದು ಬೇರೆ — ಹೇಳಲೇ ನಾಚಿಕೆ. ಶನಿವಾರ ಗಣೇಶಗುಡಿಗೆ ದೊಡ್ಡ ಗುಂಪು ಬರುವುದಿತ್ತು. ಹೌದು ಅಂದರೆ ಆ ಕಥೆಯನ್ನು ಇನ್ನು ಹೇಳುವಂತಿಲ್ಲವಲ್ಲ ಅಂತ... ಇದೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ಯಮನಪ್ಪ ಕಾಕಾ ಕೋಲೂರಿ ಎದ್ದರು. "ಆತು ಬಿಡ್ರಿ ಗೌಡ್ರ. ಅಜ್ಜಾರು ಹೇಳ್ಯಾರ ಅಂದಿದ್ರ ನಂಬತಿದ್ದೆ. ಹೇಳಿಲ್ಲ ಅಂದ್ರಿ, ಅದನ್ನೂ ನಂಬತೇನಿ." ಗಂಗವ್ವ ತಂದೆಯ ರೆಟ್ಟೆ ಹಿಡಿದುಕೊಂಡಳು. ಅವಳು ನಂಬಿದ ಹಾಗೆ ಕಾಣಲಿಲ್ಲ. ಹೋಗುವಾಗ ಹಿಂತಿರುಗಿ ಬಾಗಿಲ ಕಡೆ ನೋಡಿದಳು, ಶಾಂತಾ ಅಲ್ಲಿರಲಿಲ್ಲ.

ಶನಿವಾರ ಗಣೇಶಗುಡಿಗೆ ಹೋಗಿ ಆ ಕಥೆ ಹೇಳಿದೆ. ಜನ ನಕ್ಕರು. ಅಡುಗೆಮನೆಯಲ್ಲಿ ಗಂಗವ್ವ ಇರಲಿಲ್ಲ, ಕೆಲಸ ಬಿಟ್ಟಿದ್ದಳು.

ಚಳಿಗಾಲ ಕಳೆಯುವ ಮೊದಲೇ ಯಮನಪ್ಪ ಕಾಕಾ ತೀರಿಕೊಂಡರು. ನಾನು ಮಣ್ಣಿಗೆ ಹೋಗಲು ಅಂಗಿ ತೊಟ್ಟುಕೊಂಡಿದ್ದೆ. ಶಾಂತಾ ಇಷ್ಟೇ ಅಂದಳು: "ಅಲ್ಲಿ ಹೋಗಿ ಏನು ಕಥಿ ಹೇಳಾವ್ರು ನೀವು?" ಮದುವೆಯಾದಾಗಿನಿಂದ ಅವಳು ನನಗೆ ಹಾಗೆ ಮಾತಾಡಿದ್ದಿಲ್ಲ. ನಾನು ಅಂಗಿ ಕಳಚಿ ಗೂಟಕ್ಕೆ ಹಾಕಿದೆ. ದೂರದಿಂದ ಹೆಣದ ಮುಂದಿನ ಹಲಗಿಯ ಸಪ್ಪಳ ಕೇಳುತ್ತಿತ್ತು. ಆಗ ನಾನು ಎದ್ದು ಎಲ್ಲಿ ಹೋದೆ ಅಂತೀರಿ? ಹಿತ್ತಲ ಕೊಟ್ಟಿಗೆಗೆ. ಈಗ ಅಲ್ಲಿ ದನ ಇಲ್ಲ, ಮೊಮ್ಮಗನ ಮೋಟಾರ್ ಸೈಕಲ್ಲು ಇದೆ. ಅದರ ಪಕ್ಕದಲ್ಲಿ, ಅಜ್ಜ ಕೂಡುತ್ತಿದ್ದ ಕಲ್ಲಿನ ಮೇಲೆಯೇ ಕುಳಿತೆ. ಎಲ್ಲಿ ಕುಳಿತಿದ್ದೇನೆ ಅನ್ನುವುದು ಕುಳಿತ ಮೇಲೆ ಗೊತ್ತಾಯಿತು.

ಹೋಳಿಯ ಮುಂಚೆ ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಪಂಚರು ಕೂಡುತ್ತಾರೆ, ಮೇಳದ ಮಾತು ಆಡಲು. ಈ ವರ್ಷ ಅಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ರುಮಾಲು, ಹಳ್ಳ, ಪುತ್ತು, ಎರಡನೆಯ ಸಲ ಬೀಸಿದ ಕೈ. ಅಜ್ಜ ನನಗೆ ಹೇಳಿದ್ದು, ನಾನು ಯಮನಪ್ಪ ಕಾಕಾಗೆ ಹೇಳದೆ ಮುಚ್ಚಿಟ್ಟದ್ದು. ಮೊದಲ ಸಲ ಕೈ ಆಡಿಸದೆ, ದನಿ ಏರಿಸದೆ ಹೇಳಿದೆ.

ಮುಗಿದ ಮೇಲೆ ಹಿಂದಿನಿಂದ ಒಬ್ಬ ಅಂದ: "ಈ ಸಲದ ಕಥಿ ಬೇಷ್ ಐತ್ರಿ ಗೌಡ್ರ. ನಗಿ ಸ್ವಲ್ಪ ಕಡಿಮಿ ಆತು, ಅಷ್ಟ."

ಎಲ್ಲರೂ ನಕ್ಕರು.

"ಇದು ಕಥಿ ಅಲ್ರೋ," ಅಂದೆ. ಇನ್ನೂ ನಕ್ಕರು. ಯಾಕೆ ನಗಬಾರದು? ಇಷ್ಟು ವರ್ಷ ನಗು ಕಲಿಸಿದವನು ನಾನೇ. ಕಡೆಗೆ ಪಂಚರಲ್ಲಿ ಹಿರಿಯರಾದವರು, "ಖರೇನ ಇರಲಿ, ಸುಳ್ಳ ಇರಲಿ, ಗೌಡರ ಮನಿಯವರೇ ಹಿಂದಕ್ಕ ತಗೊಂಡ ಮ್ಯಾಲ ಮುಗೀತು. ಮುಂದಿನ ಹಲಗಿ ಗಂಗವ್ವನ ಮಗ ಹಿಡೀಲಿ" ಅಂದರು. ನನ್ನ ಮಾತು ನಂಬಿ ಕೊಟ್ಟದ್ದಲ್ಲ ಅದು. ಮನೆತನದ ಮಾತು ಅಂತ ಕೊಟ್ಟರು. ದುರ್ಗಪ್ಪನಿಂದ ಕಿತ್ತುಕೊಂಡದ್ದೂ ಹಾಗೆಯೇ ಅಲ್ಲವೇ?

ಅಲ್ಲಿಂದ ಗಂಗವ್ವನ ಮನೆಗೆ ಹೋದೆ. ಅವಳು ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಕೂಡ್ರಿ ಅನ್ನಲಿಲ್ಲ. ನಾನು ಅಂಗಳದ ಅಂಚಿನಲ್ಲಿ ನಿಂತೇ, "ತಪ್ಪಾತು ಗಂಗವ್ವಾ" ಅಂದೆ.

"ನಮ್ಮಪ್ಪ ನಿಮ್ಮ ಕಟ್ಟಿಗೆ ಬಂದಾಗ ಹೇಳಬೇಕಿತ್ರಿ," ಅಂದಳು.

"ಹೌದು."

"ಮುತ್ಯಾ ಹಳ್ಳಕ್ಕ ಜಿಗದು ಆ ಹುಡುಗನ ತಲಿ ತೊಡಿಮ್ಯಾಲ ಇಟ್ಕೊಂಡಿದ್ದ ಅಂತ ಹೇಳಿದ್ರಂತಲ್ಲ. ಅದು ನೀವು ಸೇರಿಸಿದ್ದೋ, ಖರೇನ ಅಜ್ಜಾರು ಹೇಳಿದ್ದೋ?"

"ಅಜ್ಜ ಹೇಳಿದ್ದು."

ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಒಂದು ನಿಜವನ್ನು ನಿಜ ಅಂತ ತೋರಿಸಲು ನನ್ನ ಹತ್ತಿರ ನನ್ನ ಬಾಯಿ ಬಿಟ್ಟು ಬೇರೇನೂ ಇಲ್ಲ, ಆ ಬಾಯಿಯನ್ನು ನಾನೇ ಹೊಲಸು ಮಾಡಿಕೊಂಡಿದ್ದೆ. ಅವಳು ಬಗ್ಗಿ ಮತ್ತೆ ಮೆಣಸಿನಕಾಯಿ ಹರವತೊಡಗಿದಳು.

ಈಗ ಗಣೇಶಗುಡಿಗೆ ಕರೆದರೆ ಹೋಗುತ್ತೇನೆ, ದುರ್ಗಪ್ಪನ ಕಥೆಯನ್ನು ಅಜ್ಜ ಹೇಳಿದ ಹಾಗೇ ಹೇಳುತ್ತೇನೆ. ಪುತ್ತುವನ್ನು ಬಿಡುವುದಿಲ್ಲ. ಯಾರೂ ನಗುವುದಿಲ್ಲ. ಕರೆಯುವುದೂ ಕಡಿಮೆಯಾಗಿದೆ.

ಹೋಳಿಯ ದಿನ ಮೇಳ ನಮ್ಮ ಓಣಿಗೆ ಬಂತು. ಮುಂದಿನ ಹಲಗಿ ಗಂಗವ್ವನ ಮಗನ ಎದೆಯ ಮೇಲಿತ್ತು. ಮುತ್ತಜ್ಜನ ಹೆಸರನ್ನೇ ಅವನಿಗೆ ಇಟ್ಟಿದ್ದಾರೆ, ದುರ್ಗಪ್ಪ ಅಂತ. ನಾನು ಕಾಯಿ ಹಿಡಿದು ಮೆಟ್ಟಿಲಿಳಿದು ಓಣಿಯಲ್ಲೇ ನಿಂತೆ. ಕೈ ಎತ್ತಲಿಲ್ಲ, ಅವನಾಗಿ ನಿಲ್ಲಿಸಿದರೆ ಕೊಡೋಣ ಅಂತ ಕಾದೆ. ಅವನು ಹತ್ತಿರ ಬಂದ. ನನ್ನನ್ನು ನೋಡಿದ. ಕೈಯಲ್ಲಿದ್ದ ಕಾಯಿಯನ್ನೂ ನೋಡಿದ. ಹಲಗಿ ನಿಲ್ಲಲಿಲ್ಲ. ನುಡಿಸುತ್ತಲೇ ನಮ್ಮ ಮನೆ ದಾಟಿ ಮುಂದೆ ಹೋದ, ಹಿಂದೆ ಇಡೀ ಮೇಳ ಹೋಯಿತು. ಓಣಿ ಖಾಲಿಯಾದ ಮೇಲೆ ಶಾಂತಾ ಹೊರಗೆ ಬಂದು ನನ್ನ ಕೈಯಿಂದ ಕಾಯಿ ತೆಗೆದುಕೊಂಡು ಒಳಗೆ ಹೋದಳು.